ಅಂಕಪಟ್ಟಿಯ ಇತಿವೃತ್ತ

ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಕೋಣೆ ಹಿಡಿದು ಓದುವ ಹುಡುಗರೊಳಗೆ ಬಾಸ್ಕೆಟ್‌ಬಾಲಿನ ಗೀಳು ಹತ್ತಿದವರು ಮುಂಜಾನೆ ಚಹದಂಗಡಿಯ ಮುಂದೆ ನಿಂತು, ಅಮೇರಿಕದವರ ಪಾಲಿಗೆ ಹಿಂದಿನ ರಾತ್ರಿಯದಾದ, ನಮ್ಮ ಪಾಲಿಗೆ ಅದೇ ತಾನೇ ಮುಗಿದ ಪಂದ್ಯವೊಂದರ ಅಂಕಿ-ಅಂಶಗಳನ್ನು ಕೈಯೊಳಗಿನ ಫೋನಿನಲ್ಲಿ ಓದುತ್ತಿರುತ್ತಾರೆ. ಒಬ್ಬೊಬ್ಬ ಆಟಗಾರನ ಹೆಸರಿನ ಮುಂದೆಯೂ ಸಾಲುಸಾಲು ಸಂಖ್ಯೆಗಳು: ಆಡಿದ ನಿಮಿಷಗಳು, ಎಸೆದ ಎಸೆತಗಳು, ಅವುಗಳಲ್ಲಿ ಬುಟ್ಟಿಗೆ ಬಿದ್ದವು, ಫ್ರೀ ಥ್ರೋ, ರೀಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್, ಎದುರಾಳಿಗೆ ಬಿಟ್ಟುಕೊಟ್ಟ ಚೆಂಡು, ಫೌಲ್, ಕಟ್ಟಕಡೆಗೆ, ಅವನು ಅಂಗಳದಲ್ಲಿದ್ದಷ್ಟು ಹೊತ್ತು ತಂಡವು ಮುಂದೆ ಸಾಗಿತೋ ಹಿಂದೆ ಬಿದ್ದಿತೋ ಎಂಬುದನ್ನು ಸೂಚಿಸುವ ಕೂಡು-ಕಳೆ ಚಿಹ್ನೆಯ ಒಂದು ಅಂಕಿ. ಆಟವನ್ನು ಕಣ್ಣಿನಿಂದ ನೋಡುವುದನ್ನಷ್ಟೇ ಬಲ್ಲ ಹಿರಿಯರಿಗೆ ಇದು ಹುಬ್ಬಳ್ಳಿಯ ದುರ್ಗದ ಬೈಲಿನ ಸಾಹುಕಾರನೊಬ್ಬನ ಖತಾವಣಿಯಂತೆ ತೋರಿದರೆ ಅವರನ್ನು ಹಳಿಯಲಾಗದು.

ಈ ಅಂಕಣಗಳೆಲ್ಲವೂ ಆಟದೊಡನೆಯೇ ಹುಟ್ಟಿ ಬಂದವಲ್ಲ. ಒಂದೊಂದೂ ಒಂದೊಂದು ಕಾಲದಲ್ಲಿ, ಯಾರದೋ ಒಂದು ಅಗತ್ಯವನ್ನು ಪೂರೈಸುವುದಕ್ಕಾಗಿ, ಜಗಳವನ್ನು ತೀರಿಸಬೇಕಾದ ತೀರ್ಪುಗಾರನಿಗಾಗಿಯೋ, ಪತ್ರಿಕೆಯ ಪುಟವನ್ನು ತುಂಬಬೇಕಾದ ವರದಿಗಾರನಿಗಾಗಿಯೋ, ಟಿಕೀಟು ಮಾರಬೇಕಾದ ಮಾಲಿಕನಿಗಾಗಿಯೋ ಪಟ್ಟಿಯೊಳಕ್ಕೆ ಪ್ರವೇಶಿಸಿತು. ಅಂಕಣ ದೊರೆಯದ ಕೌಶಲವು ಎಷ್ಟೇ ಶ್ರೇಷ್ಠವಾಗಿದ್ದರೂ ನೋಡಿದವರ ಕಣ್ಣಿನೊಡನೆಯೇ ಮುಗಿದುಹೋಯಿತು. ಅದೇ ಆಟವು ಸಮುದ್ರವನ್ನು ದಾಟಿ ನಮ್ಮ ಹುಬ್ಬಳ್ಳಿ-ಧಾರವಾಡಗಳ ಕಾಲೇಜು ಅಂಗಳಗಳಿಗೆ ಬಂದಾಗ ಇಲ್ಲಿ ಲೆಕ್ಕ ಬೇಕಾಗಿದ್ದವರು ಬೇರೆಯವರೇ ಆಗಿದ್ದರು. ಆದುದರಿಂದ ಇಲ್ಲಿಯ ಲೆಕ್ಕದ ಹಾದಿಯೂ ಬೇರೆಯಾಯಿತು.

1891ನೆಯ ಡಿಸೆಂಬರಿನಲ್ಲಿ ಮೆಸಾಚುಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ಚಳಿಗಾಲದ ಬೇಸರದಿಂದ ಕೈಗೆ ಸಿಕ್ಕದಂತಾಗಿದ್ದ ಹದಿನೆಂಟು ವಿದ್ಯಾರ್ಥಿಗಳನ್ನು ಎರಡು ಪಂಗಡಗಳಾಗಿ ಮಾಡಿ, ವ್ಯಾಯಾಮಶಾಲೆಯ ಮೊಗಸಾಲೆಗೆ ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿ ಜೇಮ್ಸ್ ನೈಸ್ಮಿತ್ ಎಂಬ ಕೆನಡಾ ಮೂಲದ ಉಪಾಧ್ಯಾಯನು ಈ ಆಟವನ್ನು ಆಡಿಸಿದನೆಂಬುದು ಎಲ್ಲರೂ ಬಲ್ಲ ಸಂಗತಿ. ಅವನು ಬರೆದು ಅಂಟಿಸಿದ ಹದಿಮೂರು ನಿಯಮಗಳಲ್ಲಿ ಲೆಕ್ಕಕ್ಕೆ ಸಂಬಂಧಿಸಿದ ಭಾಗವನ್ನು ಮಾತ್ರ ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಅಲ್ಲಿ ಅಂಪೈರನು ಆಟಗಾರರ ಮೇಲೆ ಕಣ್ಣಿಟ್ಟು ಅವರ ತಪ್ಪುಗಳನ್ನು ಗುರುತು ಹಾಕಿಕೊಳ್ಳಬೇಕು. ರೆಫರಿಯು ಚೆಂಡಿನ ಮೇಲೆ ಕಣ್ಣಿಟ್ಟು ಗೋಲುಗಳ ಲೆಕ್ಕವನ್ನು ತಾನೇ ಇಡಬೇಕು. ಎದುರು ಪಕ್ಷದವರು ನಡುವೆ ಒಂದು ತಪ್ಪನ್ನೂ ಮಾಡದೆ ಇರುವಾಗ ಒಂದು ಪಕ್ಷವು ಸಾಲಾಗಿ ಮೂರು ತಪ್ಪುಗಳನ್ನು ಮಾಡಿದರೆ ಎದುರಿನವರಿಗೆ ಒಂದು ಗೋಲು ಸಲ್ಲಬೇಕು. ಎಂದರೆ ಈ ಆಟದ ಮೊತ್ತಮೊದಲ ಅಂಕಪಟ್ಟಿಯು ಇಬ್ಬರ ನೆನಪಿನಲ್ಲಿ ಹಂಚಿಹೋಗಿತ್ತು, ಮತ್ತು ಅದರಲ್ಲಿ ಸಾಧನೆಗಿಂತ ಅಪರಾಧಕ್ಕೇ ಹೆಚ್ಚು ಸ್ಥಳವಿದ್ದಿತು. ಮೊದಲ ಆಟದಲ್ಲಿ ಬರೆಯಬೇಕಾದದ್ದೂ ಬಹಳವಿರಲಿಲ್ಲ: ವಿಲಿಯಂ ಚೇಸ್ ಎಂಬವನು ಹಾಕಿದ ಒಂದೇ ಒಂದು ಗೋಲಿನಿಂದ ಒಂದಕ್ಕೆ ಸೊನ್ನೆಯೆಂದು ಪಂದ್ಯ ಮುಗಿಯಿತು.

ಆ ಮೊದಲ ದಿನ ಅಂಗಳದಲ್ಲಿದ್ದ ಡಂಕನ್ ಪ್ಯಾಟನ್ ಎಂಬ ವಿದ್ಯಾರ್ಥಿಯೇ 1894ರ ಸುಮಾರಿಗೆ ವೈ.ಎಂ.ಸಿ.ಎ. ಕಾರ್ಯಕರ್ತನಾಗಿ ಭಾರತಕ್ಕೆ ಈ ಆಟವನ್ನು ತಂದನು. ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಕಲಿತ ಹ್ಯಾರಿ ಕ್ರೋ ಬಕ್ ಎಂಬಾತನು 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಕರ ವಿದ್ಯಾಲಯವನ್ನು ಸ್ಥಾಪಿಸಿದನು. ಆಟವನ್ನು ಕಲಿಸುವವನು ಅಂಕ ಬರೆಯುವುದನ್ನೂ ಕಲಿಸಲೇಬೇಕಾಗಿದ್ದುದರಿಂದ, ದಕ್ಷಿಣ ಭಾರತದ ಶಾಲೆ-ಕಾಲೇಜುಗಳಲ್ಲಿ ಬಾಸ್ಕೆಟ್‌ಬಾಲಿನ ಲೇಖಕನು ಮೊದಲಿನಿಂದಲೂ ಪಿ.ಟಿ. ಮಾಸ್ತರನೇ ಆದನು.

ಧಾರವಾಡವಾದರೋ ಮದರಾಸಿನ ಕಡೆಗೆ ಮುಖ ಮಾಡಿದ ಊರಲ್ಲ. 1956ರವರೆಗೆ ಅದು ಮುಂಬಯಿ ಆಡಳಿತಕ್ಕೆ ಸೇರಿದ ಒಂದು ಜಿಲ್ಲೆ. ಅದರ ಅಂಗಳಗಳ ಗುರುಸ್ಥಾನ ಪುಣೆ, ಮುಂಬಯಿ, ಬಡೋದೆಗಳು. 1937ರಲ್ಲಿ ಮುಂಬಯಿ ಸರಕಾರವು ಶಾರೀರಿಕ ಶಿಕ್ಷಣದ ವಿಚಾರವಾಗಿ ನೇಮಿಸಿದ ಸಮಿತಿಗೆ ಲೋಣಾವಳದ ಸ್ವಾಮಿ ಕುವಲಯಾನಂದರು ಅಧ್ಯಕ್ಷರಾಗಿದ್ದರು. ಮರುವರ್ಷ ಕಾಂದಿವಲಿಯಲ್ಲಿ ವ್ಯಾಯಾಮ ಶಿಕ್ಷಕರ ತರಬೇತಿ ಸಂಸ್ಥೆ ತೆರೆಯಿತು. ಯೋಗವನ್ನು ಪ್ರಯೋಗಶಾಲೆಯಲ್ಲಿಟ್ಟು ಅಳೆದ ಮಹನೀಯರ ನೆರಳಿನಲ್ಲಿ ಬೆಳೆದ ಈ ಶಿಕ್ಷಣದಲ್ಲಿ ಬಾಸ್ಕೆಟ್‌ಬಾಲು ಒಂದು ಮೂಲೆಯ ಆಟ. ನಡುಮನೆಯಲ್ಲಿ ಕುಳಿತಿದ್ದವು ಹುತುತು, ಎಂದರೆ ಇಂದಿನ ಕಬಡ್ಡಿ, ಮತ್ತು ಖೊಖೊ.

ಈ ಎರಡು ದೇಶೀ ಆಟಗಳ ಲೆಕ್ಕದ ಕ್ರಮವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ನಮ್ಮ ಕಡೆಯ ಮಾಸ್ತರನು ಬಾಸ್ಕೆಟ್‌ಬಾಲಿನ ಮೇಜಿಗೆ ಬರುವ ಮೊದಲು ಕೈ ಪಳಗಿಸಿಕೊಂಡದ್ದು ಅಲ್ಲಿಯೇ. ಹಳೆಯ ಹುತುತುವಿನಲ್ಲಿ ಸಂಜೀವನಿ, ಗಾಮಿನಿ, ಅಮರ ಎಂದು ಮೂರು ಬಗೆಗಳಿದ್ದವು. ಸಂಜೀವನಿಯಲ್ಲಿ ಸತ್ತವನು ತನ್ನವರ ಗೆಲುವಿನಿಂದ ಮತ್ತೆ ಬದುಕಿ ಬರುವನು, ಗಾಮಿನಿಯಲ್ಲಿ ಸತ್ತವನು ಸತ್ತಂತೆಯೇ ಹೊರಗೆ ಕುಳಿತಿರುವನು. ಈ ಎರಡರಲ್ಲಿಯೂ ಅಂಗಳದೊಳಗೆ ನಿಂತವರ ತಲೆಗಳನ್ನು ಎಣಿಸಿದರೆ ಲೆಕ್ಕ ಸಿಕ್ಕಿಬಿಡುತ್ತಿತ್ತು, ಬರೆಯುವವನೇ ಬೇಕಾಗಿರಲಿಲ್ಲ. ಅಮರದಲ್ಲಿ ಮಾತ್ರ ಮುಟ್ಟಿಸಿಕೊಂಡವನು ಹೊರಗೆ ಹೋಗದೆ ಆಡುತ್ತಲೇ ಇರುವನಾದ್ದರಿಂದ, ಅವನ ಸಾವು ಎಲ್ಲಿಯಾದರೂ ಒಂದು ಕಡೆ ಗೀಟಾಗಿ ಉಳಿಯಲೇಬೇಕಾಯಿತು. ದೇಹದ ಮೇಲಿದ್ದ ಲೆಕ್ಕವು ಕಾಗದಕ್ಕೆ ಇಳಿದುದು ಹೀಗೆ.

ಖೊಖೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ವರದಿಯಲ್ಲಿ ಬೆನ್ನಟ್ಟಿ ಎಷ್ಟು ಜನರನ್ನು ಔಟು ಮಾಡಿದನೆಂಬುದರ ಜೊತೆಗೆ, ತಾನು ತಪ್ಪಿಸಿಕೊಂಡು ಓಡಿದಾಗ ಎಷ್ಟು ನಿಮಿಷ ಎಷ್ಟು ಸೆಕೆಂಡು ನಿಂತನೆಂಬುದೂ ಪ್ರತಿಯೊಬ್ಬನ ಹೆಸರಿನ ಮುಂದೆ ಬರುತ್ತದೆ. ಆಕ್ರಮಣಕ್ಕೆ ಒಂದು ಅಂಕಣ, ರಕ್ಷಣೆಗೆ ಒಂದು ಅಂಕಣ. ಅಂಕಶಾಸ್ತ್ರದ ಜಗದ್ಗುರುಗಳೆನಿಸಿದ ಅಮೇರಿಕದ ಬಾಸ್ಕೆಟ್‌ಬಾಲಿನವರು ರಕ್ಷಣೆಗೆ ತಮ್ಮ ಪಟ್ಟಿಯಲ್ಲಿ ಎಷ್ಟು ತಡವಾಗಿ ಸ್ಥಳ ಕೊಟ್ಟರೆಂಬುದನ್ನು ಮುಂದೆ ನೋಡಿದಾಗ, ಬರಿಗಾಲಿನ ಈ ಆಟದ ದಾಖಲೆಯ ನ್ಯಾಯಬುದ್ಧಿಯು ಓದುಗರ ಮನಸ್ಸಿಗೆ ಬಾರದೆ ಇರದು.

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾಯಿತು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೆ.ಎಲ್.ಇ. ಸಂಸ್ಥೆಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು 1947ರಲ್ಲಿ ತೆರೆಯಿತು. ಮುಂಬಯಿ ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದ ಈ ಕಡೆಯ ಕಾಲೇಜುಗಳಿಗೆ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೆಂಬ ಸ್ವಂತದ ಮನೆಯಾದ ಮೇಲೆ, ಅಂತರಕಾಲೇಜು ಪಂದ್ಯಗಳೂ ಈ ನೆಲದಲ್ಲಿಯೇ ನೆಲೆಗೊಳ್ಳುವಂತಾಯಿತು. ಅದರ ಮರುವರ್ಷ, 1950ರಲ್ಲಿ, ಭಾರತದ ಬಾಸ್ಕೆಟ್‌ಬಾಲ್ ಒಕ್ಕೂಟವು ರೂಪುಗೊಂಡು ನಿಯಮಗಳೂ ಅಂಕಪಟ್ಟಿಯ ನಮೂನೆಗಳೂ ಅಂತರರಾಷ್ಟ್ರೀಯ ಸಂಸ್ಥೆಯಾದ ಫೀಬಾದ ಅಚ್ಚಿನಲ್ಲಿ ಬರತೊಡಗಿದವು. 1954ರಿಂದ 1967ರವರೆಗೆ ಈ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಿ.ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ರ್‍ಯಾಂಗ್ಲರ್ ಪದವಿ ಪಡೆದ ಗಣಿತಜ್ಞರು. ಕನ್ನಡದಲ್ಲಿ ವ್ಯವಹಾರಗಣಿತವನ್ನು ಬರೆದ ರಾಜಾದಿತ್ಯನ ನಾಡು, ಗಣಿತಜ್ಞ ಕುಲಪತಿ, ಹೊಸ ಹೊಸ ಅಂಗಳಗಳು. ಆಟದ ಸಂಖ್ಯಾಶಾಸ್ತ್ರವು ಮೊಳೆಯುವುದಕ್ಕೆ ಇದಕ್ಕಿಂತ ಹದವಾದ ನೆಲ ಬೇಕಾಗಿರಲಿಲ್ಲವೆಂದು ಈಗ ಹಿಂದಿರುಗಿ ನೋಡಿದಾಗ ಅನ್ನಿಸುತ್ತದೆ. ಅದು ಮೊಳೆಯಲಿಲ್ಲ. ಗಣಿತವು ತರಗತಿಯಲ್ಲಿ ಉಳಿಯಿತು, ಆಟವು ಅಂಗಳದಲ್ಲಿ ಉಳಿಯಿತು. ಎರಡರ ನಡುವೆ ಮೇಜು ಹಾಕಿಕೊಂಡು ಮಾಸ್ತರನೊಬ್ಬನು ಕುಳಿತಿದ್ದನು.

ಆ ಮೇಜಿನ ಮೇಲಿನ ಹಾಳೆಯನ್ನು ಹತ್ತಿರದಿಂದ ಕಂಡವರಿಗೆ ಅದರ ರಚನೆಯ ಚಾತುರ್ಯವು ತಿಳಿದೀತು. ಬಲಭಾಗದಲ್ಲಿ ಒಂದರಿಂದ ನೂರರವತ್ತರವರೆಗೆ ಸಂಖ್ಯೆಗಳು ಎರಡೂ ತಂಡಗಳಿಗೆಂದು ಜೋಡಿ ಸಾಲುಗಳಾಗಿ ಮೊದಲೇ ಅಚ್ಚಾಗಿರುತ್ತವೆ. ತಂಡವು ಎರಡು ಅಂಕ ಗಳಿಸಿದರೆ ಹೊಸ ಮೊತ್ತದ ಸಂಖ್ಯೆಯ ಮೇಲೆ ಒಂದು ಓರೆಗೀಟು. ಫ್ರೀ ಥ್ರೋದಿಂದ ಒಂದು ಅಂಕ ಬಂದರೆ ಅದೇ ಸ್ಥಾನದಲ್ಲಿ ತುಂಬಿದ ಚುಕ್ಕೆ. ಪಕ್ಕದಲ್ಲಿ ಎಸೆದವನ ಅಂಗಿಯ ಸಂಖ್ಯೆ. ದೂರದಿಂದ ಎಸೆದು ಮೂರು ಅಂಕ ತಂದವನಾಗಿದ್ದರೆ ಆ ಅಂಗಿಸಂಖ್ಯೆಯ ಸುತ್ತ ಒಂದು ಸೊನ್ನೆ. ಮೊದಲ ಮತ್ತು ಮೂರನೆಯ ಅವಧಿಗೆ ಕೆಂಪು ಶಾಯಿ, ಎರಡನೆಯದಕ್ಕೂ ನಾಲ್ಕನೆಯದಕ್ಕೂ ಕಪ್ಪು ಅಥವಾ ನೀಲಿ. ಎಡಭಾಗದಲ್ಲಿ ಪ್ರತಿಯೊಬ್ಬನ ಹೆಸರಿನ ಮುಂದೆ ಐದು ಚೌಕಗಳು, ಐದನೆಯ ಫೌಲ್ ತುಂಬಿದೊಡನೆ ಅವನು ಹೊರಗೆ. ಕೂಡುವ ಕೆಲಸವನ್ನೇ ಹಾಳೆಯು ತಾನು ಹೊತ್ತುಕೊಂಡಿರುವುದರಿಂದ, ಬರೆಯುವವನು ಗೀಟು ಎಳೆದರೆ ಸಾಕು, ಮೊತ್ತವು ಸದಾ ಕಣ್ಣೆದುರಿಗೆ.

ಆ ಕಾಲದ ಹುಡುಗರ ಅಂಗಿಗಳ ಮೇಲೆ ಒಂದು, ಎರಡು, ಮೂರು ಎಂಬ ಸಂಖ್ಯೆಗಳನ್ನು ಏಕೆ ಕಾಣುತ್ತಿರಲಿಲ್ಲವೆಂಬ ಪ್ರಶ್ನೆಗೂ ಉತ್ತರ ಈ ಮೇಜಿನಲ್ಲಿಯೇ ಇದೆ. ರೆಫರಿಯು ಅಂಕಗಳನ್ನೂ, ಬುಟ್ಟಿಯ ಕೆಳಗೆ ಮೂರು ಸೆಕೆಂಡು ನಿಂತ ತಪ್ಪನ್ನೂ ಬೆರಳುಗಳಿಂದಲೇ ಸೂಚಿಸುತ್ತಿದ್ದುದರಿಂದ, ಆ ಬೆರಳುಗಳು ಆಟಗಾರನ ಸಂಖ್ಯೆಯೊಡನೆ ಗೊಂದಲವಾಗಬಾರದೆಂದು ಫೀಬಾದವರು ಅಂಗಿಗಳನ್ನು ನಾಲ್ಕರಿಂದ ಹದಿನೈದರವರೆಗೆ ಎಂದು ಕಟ್ಟುಮಾಡಿದ್ದರು. ಹನ್ನೆರಡು ಹುಡುಗರ ಒಂದು ತಂಡ, ಹನ್ನೆರಡು ಸಂಖ್ಯೆ. ಲೇಖಕನ ಅನುಕೂಲಕ್ಕಾಗಿ ಆಟಗಾರನ ಬೆನ್ನು ಬದಲಾದ ಉದಾಹರಣೆ ಬೇರೆ ಆಟಗಳಲ್ಲಿ ಅಪರೂಪ.

ಆದರೆ ಈ ಹಾಳೆಯಲ್ಲಿ ಚೆಂಡನ್ನು ಕೊಟ್ಟವನಿಲ್ಲ, ಹಾರಿ ಹಿಡಿದವನಿಲ್ಲ, ಎದುರಾಳಿಯ ಎಸೆತವನ್ನು ತಡೆದವನಿಲ್ಲ. ಗುರಿ ತಪ್ಪಿದ ಎಸೆತವಂತೂ ಇಲ್ಲವೇ ಇಲ್ಲ. ಹತ್ತು ಸಲ ಎಸೆದು ಐದು ಸಲ ಹಾಕಿದವನೂ ಮೂವತ್ತು ಸಲ ಎಸೆದು ಐದು ಸಲ ಹಾಕಿದವನೂ ಇದರ ದೃಷ್ಟಿಯಲ್ಲಿ ಸಮಾನರು. ಧಾರವಾಡದ ಅಂಗಳಗಳಲ್ಲಿ ಪಂದ್ಯ ಮುಗಿದ ಮೇಲೆ ಮೇಜಿನ ಸುತ್ತ ಬೆವರಿನ ಹುಡುಗರು ಮುತ್ತಿಕೊಂಡಾಗ ಕಿವಿಗೆ ಬೀಳುವ ಮಾತು ಇಂಥದು: “ಸರ, ನಂದೊಂದು ಬಾಸ್ಕೆಟ್ ಬರದೇ ಇಲ್ಲಲ್ರೀ.” ಮಾಸ್ತರನು ತಲೆಯೆತ್ತದೆ ಕೊಡುವ ಉತ್ತರ: “ಬರದದ್ದಷ್ಟ ಆಟ, ತಮ್ಮಾ. ಉಳದದ್ದೆಲ್ಲಾ ಜಿಗದಾಟ.” ಹಾಸ್ಯಕ್ಕೆ ಆಡಿದ ಮಾತಾದರೂ ದಾಖಲೆಯ ನಿಷ್ಠುರವು ಅದರಲ್ಲಿ ಪೂರ್ತಿಯಾಗಿದೆ.

ಇನ್ನು ಧಾರವಾಡದ ಮಳೆ. ಆಷಾಢ-ಶ್ರಾವಣಗಳಲ್ಲಿ ಈ ಊರಿಗೆ ಹಿಡಿಯುವ ಜಿಟಿಜಿಟಿಯು ಬಯಲು ಅಂಗಳದ ಆಟಕ್ಕೆ ಎಷ್ಟು ಶತ್ರುವೋ ಶಾಯಿಗೆ ಅದಕ್ಕಿಂತ ಹೆಚ್ಚಿನ ಶತ್ರು. ಲೇಖಕನು ಒಂದು ಕೈಯಲ್ಲಿ ಕೊಡೆಯನ್ನೂ ಇನ್ನೊಂದರಲ್ಲಿ ಪೆನ್ನನ್ನೂ ಹಿಡಿದು, ಮೊಳಕೈಯಿಂದ ಹಾಳೆಯನ್ನು ಒತ್ತಿಕೊಂಡಿರಬೇಕಾಗುತ್ತದೆ. ಇದರಿಂದ ನಾವು ನಾಚಬೇಕಾದದ್ದಿಲ್ಲ. 1936ರಲ್ಲಿ ಬರ್ಲಿನ್ನಿನ ಒಲಿಂಪಿಕ್ಸಿನಲ್ಲಿ ಈ ಆಟವು ಮೊದಲ ಬಾರಿಗೆ ಅಧಿಕೃತವಾಗಿ ಸೇರ್ಪಡೆಯಾದಾಗ, ಅಂತಿಮ ಪಂದ್ಯವು ಸುರಿಯುವ ಮಳೆಯಲ್ಲಿ, ತೆರೆದ ಮಣ್ಣಿನಂಗಳದಲ್ಲಿಯೇ ನಡೆಯಿತು. ಕೆಸರಿನಲ್ಲಿ ಚೆಂಡು ಪುಟಿಯದೆ ಅಮೇರಿಕವು ಕೆನಡಾವನ್ನು ಸೋಲಿಸಿದ ಲೆಕ್ಕ 19ಕ್ಕೆ 8. ಆ ಹಾಳೆಯನ್ನು ಓದುವವನು ಮಳೆಯನ್ನು ಅರಿಯದಿದ್ದರೆ, ಆಡಿದವರೆಲ್ಲರೂ ಎಳೆಯರೆಂದು ಭ್ರಮಿಸಿಯಾನು.

ಅತ್ತ ಅಮೇರಿಕದಲ್ಲಿ ಲೆಕ್ಕವು ವೃತ್ತಪತ್ರಿಕೆಯ ಕೈಗೆ ಸಿಕ್ಕಿತ್ತು. ಇಂಗ್ಲಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಪತ್ರಕರ್ತನಾದ ಹೆನ್ರಿ ಚಾಡ್ವಿಕ್ ಎಂಬವನು 19ನೆಯ ಶತಮಾನದ ನಡುಗಾಲದಲ್ಲಿ ಕ್ರಿಕೆಟ್ಟಿನ ಅಂಕಪಟ್ಟಿಯ ಮಾದರಿಯಿಂದ ಬೇಸ್‌ಬಾಲಿಗೆ ಬಾಕ್ಸ್ ಸ್ಕೋರನ್ನು ರೂಪಿಸಿದ್ದನು. ಬಾಸ್ಕೆಟ್‌ಬಾಲು ಅದನ್ನು ಸಿದ್ಧವಸ್ತುವಾಗಿ ಪಡೆಯಿತು. ಇಂದು ನಮ್ಮ ಹುಡುಗರು ಫೋನಿನಲ್ಲಿ ಓದುವ ಪಟ್ಟಿಯ ಮೂಲಪುರುಷ, ಹೀಗೆ ನೋಡಿದರೆ, ನಮಗೆಲ್ಲ ಚಿರಪರಿಚಿತವಾದ ಕ್ರಿಕೆಟ್ಟಿನ ಸ್ಕೋರು ಪುಸ್ತಕವೇ.

1946ರಲ್ಲಿ ವೃತ್ತಿಪರ ಆಟಗಾರರ ಲೀಗು ಆರಂಭವಾಗಿ, ಮೂರು ವರ್ಷಗಳ ತರುವಾಯ ಎನ್.ಬಿ.ಎ. ಎಂಬ ಹೆಸರನ್ನು ತಳೆದ ಮೇಲೆ ಲೆಕ್ಕದ ಒಡೆಯನು ಮಾಲಿಕನಾದನು. 1950ರ ನವಂಬರ 22ರಂದು ಫೋರ್ಟ್ ವೇನ್ ತಂಡದವರು, ಜಾರ್ಜ್ ಮೈಕನ್ ಎಂಬ ದೈತ್ಯನಿದ್ದ ಮಿನಿಯಾಪೊಲಿಸ್ ತಂಡಕ್ಕೆ ಚೆಂಡೇ ಸಿಕ್ಕದಂತೆ ಕೈಯಲ್ಲಿ ಹಿಡಿದುಕೊಂಡು ನಿಂತು, 19ಕ್ಕೆ 18ರಿಂದ ಗೆದ್ದರು. ಸೋತವರ 18 ಅಂಕಗಳಲ್ಲಿ 15 ಮೈಕನ್ನನವು. ದುಡ್ಡು ಕೊಟ್ಟು ಬಂದ ಜನರು ಕೂಗಾಡಿದರು. ಈ ರೋಗಕ್ಕೆ ಔಷಧವು ದೊರೆತದ್ದು ಅಂಕಪಟ್ಟಿಯಿಂದಲೇ ಎಂಬುದು ನಮ್ಮ ವಿಷಯಕ್ಕೆ ಬಹು ಮುಖ್ಯ. ಸಿರಾಕ್ಯೂಸ್ ತಂಡದ ಮಾಲಿಕನಾದ ಡ್ಯಾನಿ ಬಿಯಾಸೋನೆಯು, ಜನರಿಗೆ ಹಿಡಿಸಿದ ಪಂದ್ಯಗಳ ಪಟ್ಟಿಗಳನ್ನು ನೋಡಿ, ಒಳ್ಳೆಯ ಆಟವೊಂದರಲ್ಲಿ ಒಂದೊಂದು ತಂಡವು ಅರವತ್ತರಷ್ಟು ಎಸೆತಗಳನ್ನು ಎಸೆಯುವುದನ್ನು ಕಂಡುಕೊಂಡನು; 48 ನಿಮಿಷಗಳೆಂದರೆ 2880 ಸೆಕೆಂಡು; ಅದನ್ನು 120 ಎಸೆತಗಳಿಂದ ಭಾಗಿಸಿದರೆ 24. ಒಂದು ಎಸೆತಕ್ಕೆ 24 ಸೆಕೆಂಡು ಮಾತ್ರವೆಂಬ ನಿಯಮವು 1954ರಲ್ಲಿ ಜಾರಿಗೆ ಬಂದಿತು. ಆಟವನ್ನು ಹಿಂಬಾಲಿಸಿಕೊಂಡು ಬರುತ್ತಿದ್ದ ಲೆಕ್ಕವು ಅಂದು ಮುಂದೆ ಬಂದು ಆಟದ ಮೂಗುದಾರವನ್ನು ಹಿಡಿಯಿತು. 2000ದಲ್ಲಿ ಫೀಬಾದವರೂ ತಮ್ಮ 30 ಸೆಕೆಂಡುಗಳನ್ನು ಇಳಿಸಿ ಇದನ್ನೇ ಅಂಗೀಕರಿಸಿದುದರಿಂದ, ಹುಬ್ಬಳ್ಳಿಯ ಕಾಲೇಜು ಹುಡುಗನು ಇಂದು ಆತುರದಿಂದ ಎಸೆಯುವ ಚೆಂಡಿನ ಹಿಂದೆಯೂ ಆ ಮಾಲಿಕನ ಭಾಗಾಕಾರವಿದೆ.

ಉಳಿದ ಅಂಕಣಗಳು ನಿಧಾನವಾಗಿ ಬಂದವು. ಬುಟ್ಟಿಗೆ ಹಾಕಿದವನಿಗೆ ಚೆಂಡು ಕೊಟ್ಟುದನ್ನು ಎಣಿಸುವ ಅಸಿಸ್ಟ್ ಮೊದಲಿನಿಂದಲೇ ಇದ್ದಿತು. ಗುರಿ ತಪ್ಪಿದ ಚೆಂಡನ್ನು ಹಿಡಿದುದನ್ನು ಎಣಿಸುವ ರೀಬೌಂಡ್ 1950-51ರಲ್ಲಿ, ಆಡಿದ ನಿಮಿಷಗಳು ಅದರ ಮರುವರ್ಷ. ಎದುರಾಳಿಯ ಚೆಂಡನ್ನು ಕಸಿದುದನ್ನು ಎಣಿಸುವ ಸ್ಟೀಲ್ ಮತ್ತು ಎಸೆತವನ್ನು ತಡೆದುದನ್ನು ಎಣಿಸುವ ಬ್ಲಾಕ್‌ಗಳೆಂಬ ರಕ್ಷಣೆಯ ಅಂಕಣಗಳು ಬಂದದ್ದು 1973-74ರಲ್ಲಿ! ಅಷ್ಟರಲ್ಲಿ ಬೋಸ್ಟನ್ನಿನ ಬಿಲ್ ರಸೆಲ್‌ನು, ತಡೆಯುವುದನ್ನೇ ಒಂದು ಕಲೆಯಾಗಿ ಮಾಡಿಕೊಂಡು 13 ವರ್ಷಗಳಲ್ಲಿ 11 ಬಾರಿ ತನ್ನ ತಂಡವನ್ನು ಅಗ್ರಪಟ್ಟಕ್ಕೇರಿಸಿ, 1969ರಲ್ಲಿ ನಿವೃತ್ತನಾಗಿ ನಾಲ್ಕು ವರ್ಷಗಳು ಸಂದಿದ್ದವು. ಅವನ ಪ್ರತಿಸ್ಪರ್ಧಿಯಾದ ವಿಲ್ಟ್ ಚೇಂಬರ್ಲೇನನೂ ಬ್ಲಾಕ್ ಎಣಿಕೆ ಆರಂಭವಾಗುವುದಕ್ಕೆ ಸರಿಯಾಗಿ ಒಂದು ಋತು ಮೊದಲು ತನ್ನ ಕೊನೆಯ ಪಂದ್ಯವನ್ನು ಆಡಿ ಮುಗಿಸಿದ್ದನು. ಆ ಲೀಗಿನ ಅಧಿಕೃತ ಪಟ್ಟಿಯಲ್ಲಿ ಈ ಇಬ್ಬರು ಮಹಾರಕ್ಷಕರು ಜೀವಮಾನದಲ್ಲಿ ತಡೆದ ಎಸೆತಗಳು ಒಂದೂ ಇಲ್ಲ.

ಅದೇ ಚೇಂಬರ್ಲೇನನ ಅತ್ಯುನ್ನತ ಸಾಧನೆಯಾದರೋ ಕೇವಲ ಲೇಖಕನ ಕೃಪೆಯಿಂದ ಉಳಿದಿದೆ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷೀ ಎಂಬ ಚಿಕ್ಕ ಊರಿನಲ್ಲಿ, ಟಿಕೀಟು ಕೊಂಡು ಬಂದ 4124 ಜನರ ಎದುರಿಗೆ, ಅವನೊಬ್ಬನೇ 100 ಅಂಕಗಳನ್ನು ಗಳಿಸಿದನು. ಅಲ್ಲಿ ದೂರದರ್ಶನದ ಕ್ಯಾಮೆರಾ ಇರಲಿಲ್ಲ. ಹಾರ್ವಿ ಪೊಲಾಕ್ ಎಂಬ ಅಂಕಿ-ಅಂಶದ ಅಧಿಕಾರಿಯು ಎರಡು ಸುದ್ದಿಸಂಸ್ಥೆಗಳಿಗೂ ಒಂದು ದಿನಪತ್ರಿಕೆಗೂ ತಾನೇ ವರದಿ ಕಳಿಸುತ್ತ, ತಾನೇ ಎಣಿಸುತ್ತ ಕುಳಿತಿದ್ದನು. 63 ಎಸೆತಗಳಲ್ಲಿ 36, 32 ಫ್ರೀ ಥ್ರೋಗಳಲ್ಲಿ 28, ರೀಬೌಂಡು 25 ಎಂಬುದೆಲ್ಲವೂ ಅವನ ಲೇಖನಿಯಿಂದ ಬಂದದ್ದು. ಆಟಗಾರನು ಕೈಯಲ್ಲಿ ಹಿಡಿದು ಛಾಯಾಚಿತ್ರಕ್ಕೆ ನಿಂತ ಜಗತ್ಪ್ರಸಿದ್ಧವಾದ ಕಾಗದದ ತುಂಡಿನ ಮೇಲೆ 100 ಎಂದು ಬರೆದವನೂ ಆ ಪೊಲಾಕನೇ. ಆ ತುಂಡಿನಲ್ಲಿ ಕಾಣುವ ಕೈಬರಹವನ್ನು ನೆನೆದಾಗ ನನಗೆ ನಮ್ಮ ಪಿ.ಟಿ. ಮಾಸ್ತರರ ಬಗ್ಗೆ ಗೌರವ ಇಮ್ಮಡಿಯಾಗುತ್ತದೆ.

ನಮ್ಮಲ್ಲಿ ಟಿಕೀಟು ಮಾರುವ ಮಾಲಿಕನಿರಲಿಲ್ಲ. ಭಾರತದಲ್ಲಿ ಬಾಸ್ಕೆಟ್‌ಬಾಲಿನ ವೃತ್ತಿಯೆಂದರೆ ನೌಕರಿ: ರೈಲ್ವೆ, ಸೈನ್ಯ, ಪೊಲೀಸು, ಬ್ಯಾಂಕು. ದಕ್ಷಿಣ ಮರಾಠಾ ರೈಲ್ವೆಯ ಕಾಲದಿಂದ ಕಾರಖಾನೆಯ ಸಿಳ್ಳಿಗೆ ಎದ್ದು ಮಲಗುತ್ತಿದ್ದ, 2003ರಿಂದ ನೈಋತ್ಯ ರೈಲ್ವೆಯ ಕೇಂದ್ರಸ್ಥಾನವಾದ ಹುಬ್ಬಳ್ಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಷ್ಟ್ರೀಯ ಪಂದ್ಯಾವಳಿಯ ಮಹಿಳಾ ವಿಭಾಗದಲ್ಲಿ ವರ್ಷಾನುವರ್ಷ ಮೆರೆದವರು ರೈಲ್ವೆಯ ಆಟಗಾರ್ತಿಯರೇ. ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕಿನ ತಂಡವಿತ್ತು. ಈ ಒಡೆಯರಿಗೆ ಬೇಕಾದದ್ದು ಆಟಗಾರನ ರೀಬೌಂಡು ಎಷ್ಟೆಂಬುದಲ್ಲ, ಅವನು ವಿಶ್ವವಿದ್ಯಾಲಯವನ್ನೋ ರಾಜ್ಯವನ್ನೋ ಪ್ರತಿನಿಧಿಸಿದನೇ, ತಂಡವು ಎಷ್ಟನೆಯ ಸ್ಥಾನ ಪಡೆಯಿತು, ಅದಕ್ಕೆ ಮೊಹರು ಬಿದ್ದ ಪ್ರಮಾಣಪತ್ರವಿದೆಯೇ ಎಂಬುದು. ಆದುದರಿಂದ ನಮ್ಮ ಅಂಕಪಟ್ಟಿಯಲ್ಲಿ ಅತ್ಯಂತ ಬೆಲೆಯುಳ್ಳ ಗುರುತು ಓರೆಗೀಟೂ ಅಲ್ಲ, ಚುಕ್ಕೆಯೂ ಅಲ್ಲ. ಆಟಗಾರನು ಅಂಗಳಕ್ಕೆ ಇಳಿದನೆಂದು ಅವನ ಹೆಸರಿನ ಮುಂದೆ ಹಾಕುವ ಒಂದು ಸಣ್ಣ ಕತ್ತರಿಗುರುತು. ಬೆಂಚಿನ ಮೇಲಿನ ಹುಡುಗನನ್ನು ಕೊನೆಯ ನಿಮಿಷಕ್ಕಾದರೂ ಇಳಿಸಿರೆಂದು ತಂದೆಯೊಬ್ಬನು ಕೋಚಿನ ಕಿವಿಯಲ್ಲಿ ಹೇಳುವುದು ಈ ಗುರುತಿಗಾಗಿ. ಅಮೇರಿಕದಲ್ಲಿ ಸಂಖ್ಯೆಯು ಸಂಬಳವನ್ನು ನಿಶ್ಚಯಿಸಿದರೆ ಇಲ್ಲಿ ಹಾಜರಿಯು ನೌಕರಿಯನ್ನು ನಿಶ್ಚಯಿಸಿತು. ಇದನ್ನು ಕೀಳೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಮನೆಯಲ್ಲಿ ಐದಾರು ಹೊಟ್ಟೆಗಳಿರುವ ಹುಡುಗನಿಗೆ ಯಾವ ಅಂಕಣವು ಅನ್ನ ಕೊಡುತ್ತದೆಯೋ ಅದೇ ದೊಡ್ಡದು. ಆದರೆ ಅದರಿಂದಾದ ನಷ್ಟವೂ ನಿಜ: ಈ ಅವಳಿ ನಗರದ ಅಂಗಳಗಳಲ್ಲಿ ದಶಕಗಳ ಕಾಲ ಆಡಿದವರ ಆಟದ ಬಗೆಯು ಯಾವ ಹಾಳೆಯಲ್ಲಿಯೂ ಇಲ್ಲ.

ಇದ್ದ ಹಾಳೆಗಳ ಗತಿಯೂ ಹೇಳಿಕೊಳ್ಳುವಂಥದಲ್ಲ. ಫೀಬಾದ ಕ್ರಮದಂತೆ ಬಿಳಿಯ ಮೂಲಪ್ರತಿಯ ಕೆಳಗೆ ನೀಲಿ, ಗುಲಾಬಿ, ಹಳದಿ ಎಂದು ಮೂರು ನಕಲುಗಳು. ಗುಲಾಬಿಯದು ಗೆದ್ದವರಿಗೆ, ಹಳದಿಯದು ಸೋತವರಿಗೆ. ಸೋತವರು ಅದನ್ನು ಜೋಪಾನವಾಗಿ ಇಟ್ಟುಕೊಂಡ ದೃಷ್ಟಾಂತ ನನ್ನ ಅರಿವಿಗೆ ಬಂದಿಲ್ಲ.

2015ರಿಂದ 2017ರವರೆಗೆ ಯು.ಬಿ.ಎ. ಎಂಬ ವೃತ್ತಿಪರ ಲೀಗು ಭಾರತದಲ್ಲಿ ನಡೆದು, ಬೆಂಗಳೂರಿನ ಹೆಸರಿನಲ್ಲಿಯೂ ಒಂದು ತಂಡ ಕಣಕ್ಕಿಳಿದು, ಅಮೇರಿಕದ ಮಾದರಿಯ ಪೂರ್ಣ ಪಟ್ಟಿಯು ನಮ್ಮ ಆಟಗಾರರ ಹೆಸರುಗಳಿಗೂ ದೊರೆಯಿತಾದರೂ ಲೀಗು ಬಾಳಲಿಲ್ಲ. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ಪಿನ ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಕಜಾಖಸ್ತಾನವನ್ನು 75ಕ್ಕೆ 73ರಿಂದ ಸೋಲಿಸಿದರು. ಇಂಥ ಪಂದ್ಯಗಳ ಮೇಜಿನಲ್ಲಿ ಹಳೆಯ ಹಾಳೆಯ ಪಕ್ಕದಲ್ಲಿ ಗಣಕಯಂತ್ರವೂ ಇರುತ್ತದೆ: ಅಂಗಳದಿಂದ ಕಣ್ಣು ಕೀಳದೆ ಒಬ್ಬನು ಸಂಖ್ಯೆಯನ್ನೂ ಕ್ರಿಯೆಯನ್ನೂ ಕೂಗುತ್ತಾನೆ, ಅಂಗಳದ ಕಡೆಗೆ ನೋಡದೆ ಇನ್ನೊಬ್ಬನು ಒತ್ತುತ್ತಾನೆ.

ಈ ಕೂಗುವವನ ಕೆಲಸದಲ್ಲಿ ಎಲ್ಲವೂ ಎಣಿಕೆಯಲ್ಲ. ಎಸೆತವು ಬಿದ್ದಿತೋ ಇಲ್ಲವೋ ಎಂಬುದನ್ನು ಕುರುಡನಲ್ಲದವನು ಹೇಳಿಯಾನು; ಆದರೆ ಚೆಂಡನ್ನು ಪಡೆದವನು ಎರಡು ಬಾರಿ ನೆಲಕ್ಕೆ ಪುಟಿಸಿ, ಒಬ್ಬನನ್ನು ತಪ್ಪಿಸಿ, ಆಮೇಲೆ ಹಾಕಿದರೆ, ಕೊಟ್ಟವನಿಗೆ ಅಸಿಸ್ಟ್ ಸಲ್ಲಬೇಕೋ ಬೇಡವೋ? ಅಮೇರಿಕದ ಲೇಖಕರು ತಮ್ಮ ಊರಿನ ಆಟಗಾರನಿಗೆ ಇದರಲ್ಲಿ ಕೈ ಬಿಚ್ಚಿ ಕೊಡುತ್ತಾರೆಂಬ ದೂರು ಹಳೆಯದು. 2013-14ರಿಂದ ಅಲ್ಲಿಯ ಎಲ್ಲ ಸಭಾಂಗಣಗಳ ಮೇಲ್ಛಾವಣಿಗೆ ಕ್ಯಾಮೆರಾಗಳು ಬಂದು ಆಟಗಾರನ ಹೆಜ್ಜೆಹೆಜ್ಜೆಯ ಸ್ಥಾನವನ್ನೂ ಬರೆದುಕೊಳ್ಳತೊಡಗಿದುವಾದರೂ, ಈ ಅಸಿಸ್ಟಿನ ವ್ಯಾಜ್ಯವು ಇನ್ನೂ ಮೇಜಿನ ಮುಂದೆಯೇ ಇತ್ಯರ್ಥವಾಗುತ್ತಿದೆ. ಅಲ್ಲಿ ಕುಳಿತವನು ಆಟ ಬಲ್ಲವನಾಗಿರಬೇಕು, ಪಕ್ಷಪಾತ ಮಾಡಬಾರದು, ಮತ್ತು ಚೆಂಡು ಬಲೆಯಿಂದ ಕೆಳಗೆ ಬೀಳುವಷ್ಟರಲ್ಲಿ ತೀರ್ಮಾನಿಸಿರಬೇಕು. ಏಕೆಂದರೆ ಅಷ್ಟರಲ್ಲಿ ಎದುರಿನವರು ಚೆಂಡನ್ನೆತ್ತಿಕೊಂಡು ಓಡಿಯಾಗಿರುತ್ತದೆ.